ಶಾಲೆಗೆ ಅಂಕ ಕೊಡುವವರು

ಸಂಕ್ರಾಂತಿಯ ಎಳ್ಳು ಬೆಲ್ಲ ಹಂಚಿ ಮುಗಿಯುವುದೇ ತಡ, ಐದು ವರ್ಷದ ಮಗುವಿರುವ ಮನೆಗಳಿಗೆಲ್ಲ ಸ್ಕೂಲಿನ ಚಿಂತೆ ಹತ್ತಿಕೊಳ್ಳುತ್ತದೆ. ಆಮೇಲೆ ಗೃಹಪ್ರವೇಶವಿರಲಿ, ನಾಮಕರಣವಿರಲಿ, ಎಲೆಯ ಮುಂದೆ ಕೂತವರ ಬಾಯಲ್ಲಿ ಒಂದೇ ಮಾತು: "ನಿಮ್ಮ ಕಡೆ ಯಾವ ಸ್ಕೂಲು ಚೆನ್ನಾಗಿದೆ?" ದಾರಿ ಕೇಳಿದರೆ "ಗೊತ್ತಿಲ್ಲ, ಮುಂದೆ ಕೇಳಿ" ಎನ್ನುವ ಜನ ಇದ್ದಾರೆ. ಈ ಪ್ರಶ್ನೆಗೆ ಮಾತ್ರ ಗೊತ್ತಿಲ್ಲ ಎಂದವರನ್ನು ನಾನು ಕಂಡಿಲ್ಲ. ಮದುವೆಯಾಗದವರೂ ಉತ್ತರ ಕೊಡುತ್ತಾರೆ.

ಒಬ್ಬೊಬ್ಬರದು ಒಂದೊಂದು ಅಳತೆ. ಒಬ್ಬರಿಗೆ ಶೂ, ಟೈ ಮುಖ್ಯ. ಇನ್ನೊಬ್ಬರಿಗೆ ಹಳದಿ ವ್ಯಾನು ಮನೆ ಬಾಗಿಲಿಗೇ ಬರಬೇಕು. ಮತ್ತೊಬ್ಬರ ಪ್ರಕಾರ ರಾತ್ರಿ ಹತ್ತರವರೆಗೆ ತಾಯಿ ಮಗು ಇಬ್ಬರೂ ಅಳುವಷ್ಟು ಹೋಂವರ್ಕು ಕೊಟ್ಟರೆ ಅದು ಶಾಲೆ. ನಮಗೆ ಹಾಲು ಹಾಕುವವರು ಒಮ್ಮೆ ಒಂದು ಶಾಲೆಯನ್ನು ಬಾಯ್ತುಂಬ ಹೊಗಳಿದರು: "ಅಲ್ಲಿ ಮಕ್ಳು ಕನ್ನಡ ಮಾತಾಡಿದ್ರೆ ಫೈನ್ ಹಾಕ್ತಾರಂತೆ ಸಾರ್, ಅಷ್ಟು ಚೆನ್ನಾಗಿದೆ!" ಹೊಗಳಿದ್ದು ಅಚ್ಚ ಕನ್ನಡದಲ್ಲಿ, ದಂಡವಿಲ್ಲದೆ.

ಇವೆಲ್ಲಕ್ಕಿಂತ ದೊಡ್ಡ ಅಳತೆ ಫೀಸು. ಹೆಚ್ಚು ಕಿತ್ತುಕೊಂಡಷ್ಟೂ ಶಾಲೆಯ ಮೇಲೆ ಗೌರವ ಹೆಚ್ಚು. ಸರ್ಕಾರಿ ಶಾಲೆ ಸೋಲುವುದು ಇಲ್ಲಿಯೇ. ಪುಸ್ತಕ ಪುಕ್ಕಟೆ, ಸಮವಸ್ತ್ರ ಪುಕ್ಕಟೆ, ಶೂ ಪುಕ್ಕಟೆ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ನಾಡಿಗೆಲ್ಲ ಹಬ್ಬಿದ ಬಿಸಿಯೂಟ ಇದೆ, 2013ರಿಂದ ಹಾಲೂ ಇದೆ, ಈಗ ಮೊಟ್ಟೆಯೂ ಬಂದಿದೆ. ಇಷ್ಟೆಲ್ಲ ಕೊಟ್ಟು ಕರೆಯುತ್ತಾರೆಂದರೆ ಎಲ್ಲೋ ಏನೋ ಐಬು ಇರಲೇಬೇಕು ಎಂದು ನಮ್ಮ ಮಧ್ಯಮ ವರ್ಗದ ತಲೆ ಲೆಕ್ಕ ಹಾಕುತ್ತದೆ.

ನನ್ನ ಭಾವಮೈದುನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. ಬೇರೆಯವರು ಮಾಡಿದ್ದನ್ನು ಅಳೆದು ತಪ್ಪು ಹುಡುಕುವುದಕ್ಕೆ ಅವನಿಗೆ ಸಂಬಳ. ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸುವ ವರ್ಷ ಅವನು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿದ. ಸ್ವಚ್ಛತೆಗೆ ಇಷ್ಟು, ಕಟ್ಟಡಕ್ಕೆ ಇಷ್ಟು, ಶಿಕ್ಷಕರಿಗೆ ಇಷ್ಟು, ದೂರಕ್ಕೆ ಇಷ್ಟು, ಒಟ್ಟು 100 ಅಂಕ. ಪಟ್ಟಿಯ ಕೊನೆಯಲ್ಲಿ ನಮ್ಮ ಬೀದಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೂ ಇದ್ದದ್ದು ಕಂಡು ನಾನು ಹುಬ್ಬೇರಿಸಿದೆ. "ನೋಡದೆ ಯಾವುದನ್ನೂ ರಿಜೆಕ್ಟ್ ಮಾಡಬಾರದು ಭಾವ, ಅದು ನಮ್ಮ ರೂಲು" ಎಂದ. ಫೆಬ್ರವರಿಯ ಒಂದು ಬೆಳಿಗ್ಗೆ ಅವನ ಜೊತೆ ನಾನೂ ಹೊರಟೆ.

ಕಾಂಪೌಂಡಿನೊಳಗೆ ಕಾಲಿಟ್ಟಾಗ ಗೋಡೆ ರೈಲಾಗಿತ್ತು. ನೀಲಿ ಬಣ್ಣದ ಬೋಗಿ, ಕಿಟಕಿಗೆ ಕಿಟಕಿ, ಬಾಗಿಲಿಗೆ ಬಾಗಿಲು. ನಾಡಿನ ಎಷ್ಟೋ ಸರ್ಕಾರಿ ಶಾಲೆಗಳು ಈಗ ಹೀಗೆ ರೈಲುಗಳಾಗಿವೆ. ನಿಲ್ದಾಣ ಬಿಟ್ಟು ಕದಲದಿದ್ದರೂ ಹತ್ತಲು ಮಕ್ಕಳಿಗೆ ಖುಷಿ. ಭಾವಮೈದುನನ ಕೈಯಲ್ಲಿ ಪ್ಯಾಡು, ಪೆನ್ನು ಕಂಡ ಹೆಡ್‌ಮಿಸ್ ಎದ್ದು ನಿಂತು, ನಾವು ಬಾಯಿ ಬಿಡುವ ಮೊದಲೇ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ಅಕ್ಕಿಯ ದಾಸ್ತಾನು, ಮೊಟ್ಟೆಯ ಲೆಕ್ಕ ಎಲ್ಲವನ್ನೂ ಮೇಜಿನ ಮೇಲೆ ಪೇರಿಸಿದರು. "ಮೇಡಂ, ನಾವು ಆಫೀಸಿನವರಲ್ಲ, ಮಗುವನ್ನ ಸೇರಿಸೋ ವಿಚಾರಕ್ಕೆ ಬಂದೋರು" ಎಂದರೂ ಅವರಿಗೆ ನಂಬಿಕೆ ಬರಲು ಹೊತ್ತು ಹಿಡಿಯಿತು. ಪುಸ್ತಕ ನೋಡುವವರು ಬರುತ್ತಿರುತ್ತಾರೆ, ಮಗು ಸೇರಿಸುವವರು ಪ್ಯಾಡು ಹಿಡಿದು ಬರುವುದಿಲ್ಲ.

ಅವರ ಗಾಬರಿಗೆ ಹಳೆಯ ಬೇರಿದೆ. ನಮ್ಮ ಕಾಲದಲ್ಲಿ ಶಾಲೆ ಅಳೆಯುವವರೆಂದರೆ ಇನ್‌ಸ್ಪೆಕ್ಟರ್ ಸಾಹೇಬರು. ಅವರು ಬರುವ ಸುದ್ದಿ ಅವರಿಗಿಂತ ಎರಡು ದಿನ ಮೊದಲೇ ಬರುತ್ತಿತ್ತು. ಅಂಗಳಕ್ಕೆ ಸಗಣಿ ಸಾರಣೆ, ಗೋಡೆಗೆ ಸುಣ್ಣ, ಮೂಗು ಸುರಿಯುವ ಹುಡುಗರಿಗೆ ರಜೆ. ಊರೂರಲ್ಲೂ ಹೇಳುವ ಕತೆಯೊಂದಿದೆ: ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು, ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ ಎಂದು ಮೇಷ್ಟ್ರು ಮೊದಲೇ ತಾಕೀತು ಮಾಡಿರುತ್ತಿದ್ದರಂತೆ. ಸಾಹೇಬರಿಗೆ ಕಾಣುತ್ತಿದ್ದದ್ದು ಕೈಗಳ ಕಾಡು.

ಮೇಜಿನ ಮೇಲಿದ್ದ ದಾಖಲಾತಿ ಪುಸ್ತಕ ನೋಡಿ ನನ್ನ ಮನಸ್ಸು ಇನ್ನೊಂದು ಕಡೆ ಹರಿಯಿತು. ನನ್ನ ವಾರಿಗೆಯವರಲ್ಲಿ ಅರ್ಧ ಊರೇ ಜೂನ್ 1ರಂದು ಹುಟ್ಟಿದ್ದು. ಮಗುವನ್ನು ಕರೆತಂದ ಅಜ್ಜಿ "ದೊಡ್ಡ ಮಳೆ ಬಂದ ವರ್ಷ ಹುಟ್ಟಿದ್ದು" ಎಂದರೆ ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಹಾಕಿ, ಶಾಲೆ ತೆರೆಯುವ ತಿಂಗಳ ಮೊದಲ ತಾರೀಕನ್ನೇ ಹುಟ್ಟುಹಬ್ಬವಾಗಿ ದಯಪಾಲಿಸುತ್ತಿದ್ದರು. ಅದರ ಫಲವನ್ನು ಸರ್ಕಾರಿ ಕಚೇರಿಗಳು ಉಂಡವು. ತಿಂಗಳ ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕಡೆಯ ದಿನ ನಿವೃತ್ತರಾಗಬೇಕಾದ್ದರಿಂದ, ಮೇ 31ಕ್ಕೆ ಹಾರ, ಶಾಲಿಗೆ ಎಲ್ಲಿಲ್ಲದ ಬೇಡಿಕೆ.

ಹೆಡ್‌ಮಿಸ್ ನಮ್ಮನ್ನು ನಲಿ-ಕಲಿ ಕೋಣೆಗೆ ಕರೆದುಕೊಂಡು ಹೋದರು. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹಗಳನ್ನು ತೂಗುಹಾಕಿದ ಚಪ್ಪರ, ಗೋಡೆಯಲ್ಲಿ ಕಲಿಕೆಯ ಏಣಿ. ಕೆಲವರು ಮೇಡಂ ಸುತ್ತ, ಕೆಲವರು ಗೆಳೆಯರ ಜೊತೆ, ಕೆಲವರು ಕಾರ್ಡು ಹಿಡಿದು ತಮ್ಮ ಪಾಡಿಗೆ ತಾವು. ಸಾಲು ಬೆಂಚಿನ ಶಿಸ್ತು ನೋಡಿ ಬೆಳೆದ ಭಾವಮೈದುನನಿಗೆ ಇದು ಸಂತೆಯಂತೆ ಕಂಡಿತು. ಒಬ್ಬ ಹುಡುಗನ ಪಕ್ಕ ಕೂತು "ಎಲ್ಲಿ ಮರಿ, ಅ ಆ ಇ ಈ ಹೇಳು" ಎಂದ. ಹುಡುಗ "ರ ಗ ಸ ದ ಅ" ಎಂದ. ಭಾವಮೈದುನ ನನ್ನ ಕಡೆ ನೋಡಿದ ನೋಟದಲ್ಲಿ ಕಲಿಕೆಯ ಕಾಲಂಗೆ ಸೊನ್ನೆ ಬಿದ್ದಾಗಿತ್ತು.

ಮೇಡಂ ನಕ್ಕರು. "ಬರೆಯೋಕೆ ಸುಲಭವಾದ್ದು, ಬೇಗ ಪದ ಕಟ್ಟೋಕೆ ಬರೋದು ಮೊದಲು ಸಾರ್" ಎಂದು ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟರು. ಅವನು ನೆಲದ ಮೇಲೆ ಅರಸ ಎಂದು ಬರೆದ, ಅಗಸ ಎಂದು ಬರೆದ, ನಾಲಗೆಯನ್ನು ತುಟಿಯ ಮೂಲೆಗೆ ಚಾಚಿಕೊಂಡು ಗರಗಸ ಎಂದೂ ಬರೆದು ತಲೆ ಎತ್ತಿದ. ಐದೇ ಅಕ್ಷರದ ಬಂಡವಾಳದಲ್ಲಿ ರಾಜನೂ ಬಂದ, ಬಟ್ಟೆ ಒಗೆಯುವವನೂ ಬಂದ, ಮರ ಕುಯ್ಯುವ ಸಾಮಾನೂ ಬಂತು. ನಾವು ಅ ಇಂದ ಅಃ ವರೆಗೆ ರಾಗವಾಗಿ ಹೇಳಿ ಮುಗಿಸಿದ ಮೇಲೂ ಸ್ವಂತವಾಗಿ ಬರೆಯಲು ಸಿಗುತ್ತಿದ್ದದ್ದು 'ಆಈ' ಎಂಬಂಥ, ಯಾವ ಊರಲ್ಲೂ ಯಾರೂ ಕರೆಯದ ಹೆಸರು ಮಾತ್ರ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕೂತು ಹೊಸೆದ ಪದ್ಧತಿ ಇದು. ಟೈ ಕಟ್ಟಿದ ಎಷ್ಟೋ ಶಾಲೆಗಳು ಈಗ 'ಆಡುತ್ತಾ ಕಲಿಯಿರಿ' ಎಂದು ಬ್ಯಾನರು ಕಟ್ಟಿ ಲಕ್ಷ ಕೇಳುತ್ತವೆ.

ಹಾಗೆಂದು ಎಲ್ಲವೂ ಚಂದವಿರಲಿಲ್ಲ. ಮಕ್ಕಳು ಕೈ ತೊಳೆಯುವ ಕಡೆ ಆರು ನಲ್ಲಿಗಳಲ್ಲಿ ಎರಡಕ್ಕೆ ಮಾತ್ರ ನೀರು. ಒಂದು ಹುದ್ದೆ ಖಾಲಿ. ಅತಿಥಿ ಶಿಕ್ಷಕರು ಬರುತ್ತಾರೆ, ಅವರ ಸಂಬಳ ಮಾತ್ರ ಬೇಗ ಬರುವುದಿಲ್ಲ. ಕಾಯಂ ಶಿಕ್ಷಕರಲ್ಲಿ ಒಬ್ಬರು ಮತದಾರರ ಪಟ್ಟಿ ಹಿಡಿದು ಹೊರಗೆ ಹೋಗಿದ್ದರು. ಜನ ಎಣಿಸಬೇಕೆಂದರೆ ಮೇಷ್ಟ್ರು, ಜಾತಿ ಬರೆದುಕೊಳ್ಳಬೇಕೆಂದರೆ ಮೇಷ್ಟ್ರು, ಚುನಾವಣೆ ನಡೆಸಬೇಕೆಂದರೂ ಮೇಷ್ಟ್ರು. ಇಷ್ಟು ನಂಬಿಕಸ್ಥ ಜನರ ಹತ್ತಿರ ನಮ್ಮ ಮಕ್ಕಳನ್ನು ಬಿಡಲು ಮಾತ್ರ ನಮಗೆ ಧೈರ್ಯ ಸಾಲದು.

ಕಾನೂನಿಗೂ ಒಂದು ಪಟ್ಟಿ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, ವರ್ಷಕ್ಕೆ 200 ಕೆಲಸದ ದಿನ, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಬಯಲು, ಕಾಂಪೌಂಡು. ಒಳ್ಳೆಯ ಪಟ್ಟಿಯೇ. ಆದರೆ ಹತ್ತು ಮಕ್ಕಳೂ ಒಬ್ಬ ಮೇಷ್ಟ್ರೂ ಇರುವ ಮಲೆನಾಡಿನ ಕಿರಿಯ ಪ್ರಾಥಮಿಕ ಶಾಲೆ ತಲೆಯೆಣಿಕೆಯ ಲೆಕ್ಕದಲ್ಲಿ ವಿದೇಶದ ಶಾಲೆಗಳನ್ನೂ ಮೀರಿಸುತ್ತದೆ. ಆ ಒಬ್ಬ ಮೇಷ್ಟ್ರು ಐದು ತರಗತಿಗೆ ಪಾಠ ಮಾಡಿ, ಮೊಟ್ಟೆ ಕೊಂಡು ತಂದು, ಮೀಟಿಂಗಿಗೆ ತಾಲೂಕಿಗೂ ಹೋಗಿ ಬರಬೇಕು. 2005ರಿಂದ 'ಪ್ರಥಮ್' ಸಂಸ್ಥೆ ಮಾಡಿಸುತ್ತಿರುವ ಅಸರ್ ಸಮೀಕ್ಷೆ ಇನ್ನೊಂದು ದಾರಿ ಹಿಡಿಯಿತು. ಶಾಲೆಯನ್ನು ಕೇಳದೆ ಹಳ್ಳಿಯ ಮನೆಗೇ ಹೋಗಿ, ಐದನೇ ತರಗತಿಯ ಮಗುವಿನ ಕೈಗೆ ಎರಡನೇ ತರಗತಿ ಮಟ್ಟದ ಕತೆ ಕೊಟ್ಟು ಓದಲು ಹೇಳುತ್ತದೆ. ಮನೆಯಂಗಳದಲ್ಲಿ ಎಡಗೈ ಬಲಗೈ ಉಪಾಯ ನಡೆಯುವುದಿಲ್ಲ. ಓದಲಾರದ ಮಕ್ಕಳು ಬಹಳ ಎಂದು ಅದು ಹೇಳುತ್ತಲೇ ಬಂದಿದೆ. ಖಾಸಗಿ ಶಾಲೆಯ ಮಕ್ಕಳಲ್ಲೂ ಓದಲಾರದವರಿದ್ದಾರೆ ಎಂಬ ಭಾಗವನ್ನು ನಾವು ಮೆಲ್ಲಗೆ ದಾಟಿಬಿಡುತ್ತೇವೆ.

ನನ್ನ ಅಳತೆ ನನಗೆ ಸಿಕ್ಕಿದ್ದು ಅಡುಗೆ ಕೋಣೆಯ ಬಾಗಿಲಲ್ಲಿ. ಹುಡುಗಿಯೊಬ್ಬಳು ಪ್ರತಿ ಕೋಣೆಗೆ ಹೋಗಿ ಇವತ್ತು ಎಷ್ಟು ಮೊಟ್ಟೆ, ಎಷ್ಟು ಬಾಳೆಹಣ್ಣು ಎಂದು ಚೀಟಿಯಲ್ಲಿ ಬರೆದು ತಂದಿದ್ದಳು. ಅಡುಗೆಯಾಕೆ ಚೀಟಿ ನೋಡಿ ಅಲ್ಲಿಂದಲೇ ಕೂಗಿದರು: "ಮಿಸ್, ಮೂರನೇ ಕ್ಲಾಸಲ್ಲಿ ಒಂದು ಮೊಟ್ಟೆ ಕಮ್ಮಿ. ಆ ಯಾದಗಿರಿ ಹುಡುಗಿ ಬಂದಿಲ್ವಾ?" ಕಟ್ಟಡದ ಕೆಲಸಕ್ಕೆ ಬಂದವರ ಮಗಳಂತೆ, ದೀಪಾವಳಿ ಕಳೆದ ಮೇಲೆ ಟಿ.ಸಿ. ಕೂಡ ಇಲ್ಲದೆ ಬಂದು ಸೇರಿದವಳು. ನಲಿ-ಕಲಿ ಮೇಡಂ ಒಳಗಿನಿಂದ ಹೇಳಿದರು: "ಅವರಮ್ಮಂಗೆ ಜ್ವರ ಅಕ್ಕ. ತಮ್ಮನ್ನ ನೋಡ್ಕೊಳ್ಳೋಕೆ ನಿಂತಿದಾಳೆ. ಮಧ್ಯಾಹ್ನ ಶೆಡ್ ಹತ್ರ ಹೋಗ್ಬರ್ತೀನಿ."

ಬಂದಿರುವ ಮಕ್ಕಳನ್ನು ತೋರಿಸಲು ಯಾವ ಶಾಲೆಗೂ ಬರುತ್ತದೆ. ಇವತ್ತು ಬಾರದ ಮಗು ಯಾಕೆ ಬಂದಿಲ್ಲ ಎಂದು ಕೇಳಿದರೆ ತಟ್ಟನೆ ಉತ್ತರ ಬರುವ ಶಾಲೆ ನನ್ನ ಲೆಕ್ಕದಲ್ಲಿ ಒಳ್ಳೆಯ ಶಾಲೆ. ಸರ್ಕಾರಿಯಾದರೂ ಸರಿ, ಖಾಸಗಿಯಾದರೂ ಸರಿ. ಉತ್ತರ ಬಾರದ ಸರ್ಕಾರಿ ಶಾಲೆಗಳೂ ಬೇಕಾದಷ್ಟಿವೆ. ಅಲ್ಲಿ ರೈಲಿನ ಬಣ್ಣ ಎಷ್ಟು ಹೊಸದಿದ್ದರೂ ಅಷ್ಟೆ. ಆದರೆ ಸರ್ಕಾರಿ ಶಾಲೆಗೆ ಈ ಪರೀಕ್ಷೆ ಹೆಚ್ಚು ಕಠಿಣ. ಮಿಕ್ಕವರು ಆರಿಸಿಕೊಂಡು ಕಲಿಸುತ್ತಾರೆ, ಇದು ಬಂದವರಿಗೆಲ್ಲ ಕಲಿಸಬೇಕು. ನವೆಂಬರಿನಲ್ಲಿ ಬಂದವರನ್ನೂ ಒಳಗೆ ಕರೆಯಬೇಕು, ಮಾರ್ಚಿನಲ್ಲಿ ಹೇಳದೆ ಹೋದವರ ಹೆಸರನ್ನೂ ಉಳಿಸಿಕೊಳ್ಳಬೇಕು. ಆಮೇಲೆ ಎರಡೂ ಬಗೆಯ ಶಾಲೆಗಳ ಫಲಿತಾಂಶವನ್ನು ಒಂದೇ ತಕ್ಕಡಿಗೆ ಹಾಕಿ ನಾವು ತೂಗುತ್ತೇವೆ.

ನಾನು ಹೀಗೆಂದಾಗ ಭಾವಮೈದುನನಿಗೆ ಮಾತು ನಾಟಿತೆಂದೇ ತೋರಿತು. ಮುಂದಿನ ವಾರ ಒಂದು ದೊಡ್ಡ ಖಾಸಗಿ ಶಾಲೆಯ ರಿಸೆಪ್ಷನ್ನಿನಲ್ಲಿ ಇದೇ ಪ್ರಶ್ನೆ ಕೇಳಿದನಂತೆ. "ಮಗು ಬಂದಿಲ್ಲ ಅಂದ್ರೆ ಪೇರೆಂಟ್ಸ್ ಮೊಬೈಲಿಗೆ ತಾನಾಗೇ ಮೆಸೇಜ್ ಹೋಗುತ್ತೆ ಸರ್" ಎಂದಳಂತೆ ಹುಡುಗಿ. "ಅವರು ಉತ್ತರ ಕೊಡದಿದ್ರೆ?" "ಇನ್ನೊಂದು ಮೆಸೇಜ್ ಹೋಗುತ್ತೆ ಸರ್."

ಆದರೂ ಮಗಳು ಸೇರಿದ್ದು ಅಲ್ಲಿಗೇ. ಬೀದಿ ಶಾಲೆಗೆ ಅವನ ಪಟ್ಟಿಯಲ್ಲಿ 61 ಅಂಕ ಬಂದಿತ್ತು, ಅದಕ್ಕೆ 74. ನಾನು ಜಗಳವಾಡಲಿಲ್ಲ. ನಮ್ಮಂಥವರನ್ನು ನೆರೆಹೊರೆಯ ಶಾಲೆಗೆ ಕರೆತರುವ ಪ್ರಯತ್ನ ದೊಡ್ಡವರಿಂದಲೇ ಆಗಿಲ್ಲ. 1964ರಿಂದ 66ರವರೆಗೆ ಕೂತ ಕೊಠಾರಿ ಆಯೋಗ, ಎಲ್ಲ ವರ್ಗದ ಮಕ್ಕಳೂ ತಮ್ಮ ನೆರೆಯ ಶಾಲೆಯಲ್ಲೇ ಕಲಿಯಲಿ ಎಂದಿತು. 2015ರಲ್ಲಿ ಅಲಹಾಬಾದ್ ಹೈಕೋರ್ಟು, ಉತ್ತರ ಪ್ರದೇಶದ ಸರ್ಕಾರಿ ಅಧಿಕಾರಿಗಳು, ಜನಪ್ರತಿನಿಧಿಗಳು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕು ಎಂದಿತು. ಆದೇಶ ಹೊರಟಿತು, ಮಕ್ಕಳು ಹೊರಡಲಿಲ್ಲ. ಇನ್ನೊಂದು ಕಡೆ, ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ, ಓದಲು ಬಾರದಿದ್ದರೂ ಬುಟ್ಟಿಯ ದುಡ್ಡು ಕೂಡಿಟ್ಟು ತಮ್ಮೂರಿಗೆ ಶಾಲೆ ತಂದರು. ಇರುವ ಶಾಲೆಗೆ ಅಂಕ ಕೊಡುತ್ತ ಕೂರುವ ಪುರುಸೊತ್ತು ಅವರಿಗಿರಲಿಲ್ಲ. ಊರಲ್ಲಿ ಶಾಲೆಯೇ ಇರಲಿಲ್ಲವಲ್ಲ.

ಈಚೆಗೆ ಭಾವಮೈದುನ ಮನೆಗೆ ಬಂದಾಗ ಭಾರಿ ಉತ್ಸಾಹದಲ್ಲಿದ್ದ. ಮಗಳ ಶಾಲೆಯ ಕುಡಿಯುವ ನೀರಿನ ಫಿಲ್ಟರು ಸರಿಯಿಲ್ಲವೆಂದು ಪತ್ರದ ಮೇಲೆ ಪತ್ರ ಬರೆದು, ಪ್ರಿನ್ಸಿಪಾಲರನ್ನು ಕಂಡು, ಬೇರೆ ತಂದೆ ತಾಯಿಯರನ್ನೂ ಕೂಡಿಸಿಕೊಂಡು ಕಡೆಗೂ ಹೊಸದು ಹಾಕಿಸಿದ್ದನಂತೆ. ಕಾಫಿ ಕುಡಿಯುತ್ತ ನಾನೆಂದೆ: "ನಮ್ಮ ಬೀದಿ ಶಾಲೆಯ ಉಸ್ತುವಾರಿ ಸಮಿತಿಯಲ್ಲಿ, ಅದೇ ಎಸ್‌ಡಿಎಂಸಿಯಲ್ಲಿ, ನಿನ್ನಂಥ ಒಬ್ಬ ಅಪ್ಪ ಇದ್ದಿದ್ದರೆ ಆರು ನಲ್ಲಿಯಲ್ಲೂ ನೀರು ಬರ್ತಿತ್ತಲ್ಲಯ್ಯಾ. 61ಕ್ಕೆ ಇನ್ನೊಂದು ಹತ್ತು ಸೇರುತ್ತಿತ್ತು."

ಅವನು ಲೋಟ ಕೆಳಗಿಟ್ಟು, ಕಾರ್ಖಾನೆಯಲ್ಲಿ ಅಚ್ಚು ಪರೀಕ್ಷಿಸುವವನ ಗಾಂಭೀರ್ಯದಲ್ಲಿ ಯೋಚಿಸಿದ.

"ಸೇರುತ್ತಿತ್ತು ಭಾವ. ಆದ್ರೆ ಪಟ್ಟಿಯಲ್ಲಿ ನಮಗೆ ಅಂತ ಕಾಲಂ ಇರಲಿಲ್ಲವಲ್ಲ."