ಯಾರ ಪೈಕಿ?

ರಾಯಚೂರಿನ ಮಧ್ಯಾಹ್ನದ ಬಿಸಿಲಿಗೆ ಮನೆಯೊಳಗೆ ಸಿಕ್ಕಿಬಿದ್ದ ಮನುಷ್ಯ ಏನು ಬೇಕಾದರೂ ಓದುತ್ತಾನೆ. ಮಾನ್ವಿ ಕಡೆಯ ಹೊಲದ ಪಹಣಿ ನೋಡಲು ಕೂತಿದ್ದೆ, ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಹೊತ್ತು ಹೋಗಲಿ ಅಂತ ಜಿಲ್ಲಾಡಳಿತದ ಜಾಲತಾಣ ತೆರೆದು, ಯಾರೂ ಇಳಿಯದ ಅದರ ತಳಕ್ಕಿಳಿದು, ‘ಗೌಪ್ಯತಾ ನೀತಿ’ ಓದಿದೆ.

ಎಂಥ ಮರ್ಯಾದಸ್ಥ ಬರವಣಿಗೆ ಅಂತೀರಿ! ನಿಮ್ಮ ಹೆಸರು, ಫೋನ್ ನಂಬರು, ಇ-ಮೇಲ್ ಯಾವುದನ್ನೂ ಅದು ತಾನಾಗಿ ಹಿಡಿದಿಟ್ಟುಕೊಳ್ಳುವುದಿಲ್ಲವಂತೆ. ಕೇಳಬೇಕಾಗಿ ಬಂದರೆ ಯಾತಕ್ಕೆ ಅಂತ ಹೇಳಿ ಕೇಳುತ್ತದಂತೆ. ಕೊಟ್ಟದ್ದನ್ನು ಇನ್ನೊಬ್ಬರಿಗೆ ಮಾರುವುದಿಲ್ಲವಂತೆ. ಬರೆದಿಟ್ಟುಕೊಳ್ಳುವುದು ಐಪಿ ವಿಳಾಸ, ಬ್ರೌಸರ್ ಯಾವುದು, ಬಂದ ದಿನ, ಹೊತ್ತು, ನೋಡಿದ ಪುಟ, ಇಂಥವು. ಅದನ್ನು ಹಿಡಿದು ನೀವು ಯಾರೆಂದು ಪತ್ತೆ ಮಾಡುವ ಗೋಜಿಗೂ ಹೋಗುವುದಿಲ್ಲ; ತಾಣಕ್ಕೆ ಧಕ್ಕೆ ತರುವ ಯತ್ನ ಕಂಡರೆ ಮಾತು ಬೇರೆ. ಮದುವೆ ಮನೆಯ ಬಾಗಿಲಲ್ಲಿ ಕೂತು ಬಂದವರ ಚಪ್ಪಲಿ ಮಾತ್ರ ನೋಡುವ, ಮುಖವೆತ್ತದ ಮುದುಕನ ಹಾಗೆ.

ಇಷ್ಟು ಸಂಕೋಚ ನಮ್ಮ ಸೀಮೆಗೆ ಒಗ್ಗುವಂಥದ್ದಲ್ಲ. ದೇವದುರ್ಗದ ಬಸ್ಸಿನಲ್ಲಿ ಕೂತು ನೋಡಿ. ಗಬ್ಬೂರು ಬರುವುದರೊಳಗೆ ಪಕ್ಕದವರು, “ಯಾವೂರಾತ್ರಿ? ಯಾರ ಪೈಕಿ? ಹೊಲ ಎಷ್ಟೈತಿ? ನೀರಾವರಿನೋ, ಒಣಬ್ಯಾಸಾಯನೋ? ಮಗಗ ಮದಿವಿ ಆತೇನು?” ಎಂದು ಕೇಳಿ ಮುಗಿಸಿರುತ್ತಾರೆ. ಯಾತಕ್ಕೆ ಅಂತ ಮಾತ್ರ ಹೇಳುವುದಿಲ್ಲ. ನಾನೂ ಕಡಿಮೆಯವನಲ್ಲ, ಪಕ್ಕದವರ ಮಗನ ಸಂಬಳ ತಿಳಿಯದೆ ಇಳಿದರೆ ಟಿಕೇಟಿನ ದುಡ್ಡು ದಂಡವಾಯಿತು ಅನ್ನಿಸುತ್ತದೆ. 2023ರ ಜೂನಿನಲ್ಲಿ ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಮೇಲಂತೂ ಗದ್ದಲದ ಬಸ್ಸಿನಲ್ಲಿ ಅವರ ಆಧಾರ್ ಕಾರ್ಡು ಕೈಯಿಂದ ಕೈಗೆ ದಾಟಿ ಕಂಡಕ್ಟರಿಗೆ ಮುಟ್ಟುತ್ತದೆ. “ಫೋಟೊ ಛಂದ ಬಂದೈತಲ್ಲ ಯವ್ವಾ” ಎಂಬ ಅಭಿಪ್ರಾಯವೂ ನಡುವೆ ಸೇರಿಕೊಳ್ಳುತ್ತದೆ.

ನಮ್ಮ ಜಿಲ್ಲೆಯ ಕಲ್ಲಿಗೂ ಬಾಯಿ ನಿಲ್ಲುವುದಿಲ್ಲ. ಅಶೋಕ ಚಕ್ರವರ್ತಿ ಊರೂರಿನ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತಲೇ ಬರೆಸಿ ಸ್ವಂತ ಹೆಸರನ್ನು ಜೋಪಾನ ಮಾಡಿದ್ದ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಕಣ್ಣಿಗೆ ಮಸ್ಕಿಯ ಶಾಸನ ಬಿತ್ತು. ಅದರಲ್ಲಿ ರಾಜನ ಹೆಸರೇ ಇತ್ತು! ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಅದೇ ಹೆಸರು ಸಿಕ್ಕಿತು. ಆದರೆ ಮೊದಲು ಬಾಯಿಬಿಟ್ಟವರು ನಾವು.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನಲ್ಲೇ ಇದ್ದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಹೋದಾಗ ಅವರಿಗೆ 86 ವರ್ಷ. ಆ ವಯಸ್ಸಿಗೆ ನಮ್ಮ ಹಿರಿಯರು ಕಟ್ಟೆಯ ಮೇಲೆ ಕೂತು ಪರರ ಸಂಸಾರದ ವಿಚಾರಣೆ ನಡೆಸಿರುತ್ತಾರೆ. 2023ರಲ್ಲಿ ಡಿಜಿಟಲ್ ಮಾಹಿತಿ ರಕ್ಷಣೆಗೆ ಕಾಯ್ದೆಯೂ ಬಂತು. ಅದರ ಪ್ರಕಾರ ಒಪ್ಪಿಗೆ ಕೇಳುವವರು ನಾವು ಬಯಸಿದರೆ ಕನ್ನಡದಲ್ಲೇ ಕೇಳಬೇಕು. ತಪ್ಪಿದವರಿಗೆ ದಂಡ 250 ಕೋಟಿ ರೂಪಾಯಿವರೆಗೆ ಏರಬಹುದು. ಬಸ್ಸಿನ ಪಕ್ಕದ ಸೀಟಿಗೆ ಅದು ಅನ್ವಯಿಸುವುದಿಲ್ಲ, ಪುಣ್ಯ.

ಅಷ್ಟರಲ್ಲಿ ಚಕ್ರ ನಿಂತು ಪಹಣಿ ತೆರೆಯಿತು. ಇಲ್ಲಿ ಬೇರೆಯದೇ ಧರ್ಮ. ರಾಜ್ಯದ ಭೂದಾಖಲೆಗಳ ತಾಣ ‘ಭೂಮಿ’ಯಲ್ಲಿ ಸರ್ವೆ ನಂಬರು ಗೊತ್ತಿದ್ದವರು ಯಾರ ಹೊಲವನ್ನಾದರೂ ನೋಡಬಹುದು: ಮಾಲೀಕರ ಹೆಸರು, ಎಕರೆ-ಗುಂಟೆ, 11ನೇ ಕಾಲಮ್ಮಿನಲ್ಲಿ ಬ್ಯಾಂಕಿನ ಬೋಜಾ. ಬೀಗರ ಕಡೆಯವರು ಹುಡುಗನ ಜಾತಕಕ್ಕಿಂತ ಮೊದಲು ಅದನ್ನೇ ನೋಡುತ್ತಾರೆ. ಮುಚ್ಚಿಡಿ ಅಂತ ನಾನು ಹೇಳಲಾರೆ. ಸಾಲವಿರುವ ಹೊಲವನ್ನು ಸಾಲವಿಲ್ಲವೆಂದು ಮಾರುವವರಿಗೆ ತುಸುವಾದರೂ ಅಂಜಿಕೆ ಬೇಡವೇ?

ಪ್ರತಿ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋದೆ. “ಓಟಿಪಿ ಜೋರಾಗಿ ಹೇಳ್ರಿ ಕಾಕಾ, ಫ್ಯಾನ್ ಸಪ್ಪಳಕ್ಕ ಕೇಳವಲ್ದು” ಅಂದ ಹುಡುಗ. ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ಹೇಳಿದೆ. ಹಿಂದಿದ್ದವರೊಬ್ಬರು ಒಂದು ಅಂಕಿ ತಿದ್ದಿಯೂ ಕೊಟ್ಟರು. ಎದುರಿಗೆ ಮಿರ್ಚಿ ಭಜಿ ಬಂಡಿ. ಭಜಿ ಸುತ್ತಿಕೊಟ್ಟ ಹಾಳೆ ಯಾರದೋ ಆಧಾರ್ ಪ್ರತಿ. ಊರು ಮಾನ್ವಿ ತಾಲ್ಲೂಕು. ಹುಟ್ಟಿದ ವರ್ಷ ನೋಡಿದೆ, ನನಗಿಂತ ಸಣ್ಣವರು. ಫೋಟೊ ಎಣ್ಣೆಯಲ್ಲಿ ನೆಂದುಹೋಗಿತ್ತು, ಇಲ್ಲದಿದ್ದರೆ ಯಾರ ಪೈಕಿ ಅಂತ ಅಲ್ಲೇ ಹೇಳಿಬಿಡುತ್ತಿದ್ದೆ.