ಸೋತವರನ್ನು ಬೇಗ ಮನೆಗೆ ಕಳಿಸುವ ಪುಣ್ಯಕಾರ್ಯ

2022ರ ನವೆಂಬರ್ 21ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅರುಣಾಚಲ ಪ್ರದೇಶದ ಹುಡುಗರು ಐವತ್ತು ಓವರ್ ಚೆಂಡು ಹೆಕ್ಕಿದರು. ಹೆಕ್ಕಿದ್ದು ಹೆಚ್ಚಾಗಿ ಬೌಂಡರಿ ಹಗ್ಗದ ಆಚೆಯಿಂದ. ವಿಜಯ್ ಹಜಾರೆ ಟ್ರೋಫಿಯ ಆ ಪಂದ್ಯದಲ್ಲಿ ತಮಿಳುನಾಡು ಎರಡೇ ವಿಕೆಟ್‌ಗೆ 506. ನಾರಾಯಣ್ ಜಗದೀಶನ್ ಒಬ್ಬರದೇ 277. ಮೊದಲ ವಿಕೆಟ್ ಬೀಳುವಷ್ಟರಲ್ಲಿ ಬೋರ್ಡಿನ ಮೇಲೆ 416 ಏರಿತ್ತು. ಅರುಣಾಚಲ 71ಕ್ಕೆ ಗಂಟುಮೂಟೆ ಕಟ್ಟಿತು. ಅಂತರ 435 ರನ್.

ಇಂಥದ್ದು ನಡೆದಾಗಲೆಲ್ಲ ಸೋಫಾ ಮೇಲಿನ ಕರುಣಾಮಯಿಗಳು ಎದ್ದು ಕೂರುತ್ತಾರೆ. “ಪಾಪ ಕಣ್ರೀ, ಅರ್ಧಕ್ಕೇ ನಿಲ್ಲಿಸಿಬಿಡಬಾರದಾ? ನೋಡೋಕಾಗಲ್ಲ!” ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್‌ಗೆ ಅಂಥ ದಯಾನಿಯಮ ಇದೆಯಂತೆ. ಫ್ರೀಸ್ಟೈಲ್ ಕುಸ್ತಿಯಲ್ಲೂ ಹತ್ತು ಅಂಕದ ಮುನ್ನಡೆ ಸಿಕ್ಕಿತೆಂದರೆ ಅಲ್ಲಿಗೇ ಮಂಗಳ. ಕ್ರಿಕೆಟ್‌ಗೂ ಬರಲಿ ಬಿಡಿ. ನನ್ನದೂ ಎರಡು ಸಲಹೆ ಇವೆ: ಎದುರಾಳಿ 300 ದಾಟಿದ ಕೂಡಲೇ ಸೋಲಲಿರುವ ನಾಯಕನಿಗೆ ಶಾಲು, ಹಾರ, ಫಲತಾಂಬೂಲ, 500 ದಾಟಿದರೆ ಊರಿಗೆ ರೈಲು ಟಿಕೆಟ್.

ರೈಲಿನ ಮಾತು ಸುಮ್ಮನೆ ಬಂದದ್ದಲ್ಲ. 1948ರ ಡಿಸೆಂಬರ್‌ನಲ್ಲಿ ಪುಣೆಯ ರಣಜಿ ಪಂದ್ಯದಲ್ಲಿ ಕಾಠಿಯಾವಾಡ ತಂಡ ಈ ದಯೆಯನ್ನು ತನಗೆ ತಾನೇ ದಯಪಾಲಿಸಿಕೊಂಡಿತ್ತು. ಅದು ಗಳಿಸಿದ್ದು 238. ಮಹಾರಾಷ್ಟ್ರ 4 ವಿಕೆಟ್‌ಗೆ 826. ಭಾವುಸಾಹೇಬ್ ನಿಂಬಾಳ್ಕರ್ 443 ಹೊಡೆದು ಇನ್ನೂ ನಿಂತಿದ್ದರು. ಬ್ರಾಡ್ಮನ್ನರ 452ರ ವಿಶ್ವದಾಖಲೆ ದಾಟಲು ಬೇಕಿದ್ದುದು ಹತ್ತೇ ಹತ್ತು ರನ್. ವಿರಾಮದ ಹೊತ್ತಿಗೆ ಕಾಠಿಯಾವಾಡದ ನಾಯಕ, ರಾಜ್‌ಕೋಟ್‌ನ ಠಾಕೋರ್ ಸಾಹೇಬರಿಗೆ ಮಾನದ ಚಿಂತೆ ಹತ್ತಿತು: ನಮ್ಮ ಮೇಲೆ ವಿಶ್ವದಾಖಲೆಯೇ? ಇನ್ನೆರಡು ಓವರ್ ಹಾಕಿ ಎಂದು ಕೇಳಿಕೊಂಡರೂ ಒಪ್ಪಲಿಲ್ಲವಂತೆ. ಪಂದ್ಯ ಬಿಟ್ಟುಕೊಟ್ಟು ತಂಡ ಸ್ಟೇಷನ್ನಿಗೆ ಹೊರಟಿತು.

ಮಾನ ಉಳಿಯಿತೇ? ಆ ಎರಡು ಓವರ್ ಹಾಕಿದ್ದರೆ ಕಾಠಿಯಾವಾಡದ ಹೆಸರು ಯಾವುದೋ ಅಂಕಿಅಂಶದ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಇಂದು ಅದನ್ನು ನೆನೆಯುವವರೆಲ್ಲ ನೆನೆಯುವುದು ಓಡಿಹೋದ ತಂಡವೆಂದೇ. ನಿಂಬಾಳ್ಕರ್ ಭಾರತಕ್ಕಾಗಿ ಒಂದೂ ಟೆಸ್ಟ್ ಆಡಲಿಲ್ಲ. ಸಿಗಬಹುದಾಗಿದ್ದ ಆ ಒಂದು ದಾಖಲೆಯೂ ಸಾಹೇಬರ ಮಾನದ ಜೊತೆ ರೈಲು ಹತ್ತಿತು.

ಇನ್ನು ಗೆಲ್ಲುವವರ ಕಡೆ ಬನ್ನಿ. 2022ರ ಮಾರ್ಚ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ರಣಜಿ ಪಂದ್ಯದಲ್ಲಿ ಜಾರ್ಖಂಡ್ 880 ಹೊಡೆಯಿತು, ನಾಗಾಲ್ಯಾಂಡ್ 289. ಮುನ್ನಡೆ 591. ಫಾಲೋ ಆನ್ ಹೇರಿ ಮುಗಿಸುವುದು ಬಿಟ್ಟು ಜಾರ್ಖಂಡ್ ಮತ್ತೆ ಪ್ಯಾಡ್ ಕಟ್ಟಿತು. ಮೊದಲ ಇನಿಂಗ್ಸ್ ಮುನ್ನಡೆಯಿಂದಲೇ ಕ್ವಾರ್ಟರ್ ಫೈನಲ್ ಗಟ್ಟಿಯಾಗಿತ್ತಲ್ಲ, ಗೆಲ್ಲುವ ತಾಪತ್ರಯ ಏಕೆ? ಬ್ಯಾಟ್ ಬೀಸುತ್ತಾ ಬೀಸುತ್ತಾ ಮುನ್ನಡೆ 1008 ಆಯಿತು, ಪಂದ್ಯ ಡ್ರಾ ಆಯಿತು. ಇಲ್ಲಿ ಯಾರಾದರೂ ತೋಳು ಹಿಡಿದು ಮನೆಗೆ ಕಳಿಸಬೇಕಾಗಿದ್ದರೆ ಅದು ಮುಂದಿದ್ದವರನ್ನು. ಆದರೆ ದಯಾನಿಯಮ ಕೇಳುವವರ ಬಾಯಲ್ಲಿ ಸದಾ ಸೋಲುವವರ ಹೆಸರೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಜ್ವರ ಇರುವುದು ವೇಳಾಪಟ್ಟಿಗೆ. ಅರುಣಾಚಲ, ನಾಗಾಲ್ಯಾಂಡ್‌ಗಳು ಈ ಮಟ್ಟದ ದೇಶೀಯ ಕ್ರಿಕೆಟ್ಟಿಗೆ ಬಂದದ್ದೇ 2018ರಲ್ಲಿ. ಮೊನ್ನೆ ಮೊನ್ನೆ ಬಂದವರನ್ನು ರಣಜಿಯ ಹಳೇ ಹುಲಿಗಳ ಎದುರಿಗೆ ನೂಕಿ, ಆಮೇಲೆ “ಅಯ್ಯೋ ಪಾಪ” ಎನ್ನುವುದು ಯಾವ ಸೀಮೆಯ ಕರುಣೆ?

ಫುಟ್‌ಬಾಲ್‌ನವರು ಇದಕ್ಕಿಂತ ದೊಡ್ಡ ಪೆಟ್ಟು ಕಂಡಿದ್ದರು. 2001ರ ಏಪ್ರಿಲ್ 11ರಂದು ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಆಸ್ಟ್ರೇಲಿಯಾ ಅಮೆರಿಕನ್ ಸಮೋವಾವನ್ನು 31-0 ಗೋಲುಗಳಿಂದ ಬಡಿಯಿತು. ಪಾಸ್‌ಪೋರ್ಟ್ ತಕರಾರಿನಿಂದ ಹಿರಿಯ ಆಟಗಾರರು ಬರಲಾಗದೆ, ಹದಿನೈದರ ಪೋರರೂ ಮೈದಾನಕ್ಕಿಳಿದಿದ್ದರು. ಅದಾದ ಮೇಲೆ ಯಾರೂ ತೊಂಬತ್ತು ನಿಮಿಷವನ್ನು ಅರವತ್ತಕ್ಕೆ ಇಳಿಸಲಿಲ್ಲ. ಆ ಭಾಗದ ಸಣ್ಣ ತಂಡಗಳು ಮೊದಲು ತಮ್ಮತಮ್ಮಲ್ಲೇ ಆಡುವ ಪ್ರಾಥಮಿಕ ಸುತ್ತು ಬಂತು. 2011ರ ನವೆಂಬರ್‌ನಲ್ಲಿ ಅಮೆರಿಕನ್ ಸಮೋವಾ ಟೊಂಗಾವನ್ನು 2-1ರಿಂದ ಸೋಲಿಸಿತು. ಅಂದು ಗೋಲಿನ ಮುಂದೆ ನಿಂತಿದ್ದವರು ನಿಕಿ ಸಲಾಪು, ಆ 31 ಗೋಲು ಬಿಟ್ಟುಕೊಟ್ಟ ಅದೇ ಸಲಾಪು.

ಆದ್ದರಿಂದ ಕರುಣಾಮಯಿಗಳೇ, ಅರ್ಜಿ ಹಾಕುವುದಿದ್ದರೆ ವೇಳಾಪಟ್ಟಿ ಬರೆಯುವವರ ಮೇಜಿಗೆ ಹಾಕಿ. ಅಂಪೈರನ್ನು ಅವರ ಪಾಡಿಗೆ ಬಿಡಿ.