ಹೊಟ್ಟೆ ಕೆಟ್ಟರೆ ಕಷಾಯ ಸಾಲದು, ಅಕ್ಕಾ

ಭಾವನವರ ಹೊಟ್ಟೆ ಸರಿಯಿಲ್ಲ ಅಂತ ಈಗ ಹೇಳ್ತಿದೀರಲ್ಲ ಅಕ್ಕಾ! ಸಿಂಗಾಪುರದ ನಮ್ಮ ಎಚ್‌ಡಿಬಿ (ಸರ್ಕಾರಿ ವಸತಿ) ಮನೆಗಳಿಗೆ ನಿಂತು ಮಾತಾಡೋಕೆ ಬೇಲಿ ಇಲ್ಲದಿದ್ರೇನು, ಕಾರಿಡಾರಿನಲ್ಲಿ ದಿನಾ ಮುಖ ನೋಡ್ತೀವಲ್ಲ. ಹೊರಗಡೆ ತಿಂದ ಬಿರಿಯಾನಿ ಮೇಲೆ ತಪ್ಪು ಹೊರಿಸಿ, ಜೀರಿಗೆ ಕಷಾಯ ಕುಡಿಸಿ ಸುಮ್ಮನಾಗೋ ಹಾಗಿಲ್ಲ. ಅವರು ಕಿಡ್ನಿ ಕಸಿ ಮಾಡಿಸಿಕೊಂಡವರು.

ಬಿರಿಯಾನಿಯದೇ ತಪ್ಪು ಅಂತ ಹೇಗೆ ಹೇಳ್ತೀರಿ? ಕಸಿಯಾದವರು ನುಂಗೋ ಮೈಕೋಫೆನೊಲೇಟ್ ಮಾತ್ರೆಯಿಂದಲೇ ಎಷ್ಟೋ ಜನರಿಗೆ ಭೇದಿ ಆಗುತ್ತೆ. ಇಲ್ಲಾ, ಸೈಟೋಮೆಗಲೊವೈರಸ್ ಇರಬಹುದು. ನಮ್ಮಲ್ಲಿ ಬಹಳ ಜನರ ಮೈಯಲ್ಲಿ ಸದ್ದಿಲ್ಲದೆ ಮಲಗಿರೋ ಅದು, ರೋಗನಿರೋಧಕ ಶಕ್ತಿ ತಗ್ಗಿದಾಗ ಎದ್ದು ಕರುಳಲ್ಲಿ ಹುಣ್ಣು ಮಾಡುತ್ತೆ. ನಮಗೆ ಎರಡು ದಿನ ಕಾಡಿ ಹೋಗೋ ನೊರೊವೈರಸ್ ಇಂಥವರನ್ನ ತಿಂಗಳುಗಟ್ಟಲೆ ಹಿಡಿದಿದ್ದೂ ಉಂಟು.

ಇನ್ನೊಂದು ವಿಷಯ ಕೇಳಿ. ಭೇದಿಯಾದ್ರೆ ಮಾತ್ರೆಯೆಲ್ಲ ಹೊರಗೆ ಹೋಗುತ್ತೆ ಅಂದ್ಕೋತೀವಿ. ಕಸಿ ಕಿಡ್ನಿಯನ್ನ ಮೈ ತಿರಸ್ಕರಿಸದಂತೆ ಕೊಡೋ ಟ್ಯಾಕ್ರೊಲಿಮಸ್ ವಿಷಯದಲ್ಲಿ ಉಲ್ಟಾ! ಕರುಳಿನ ಒಳಪೊರೆಯ ಕಿಣ್ವಗಳು ಆ ಔಷಧಿಯನ್ನ ಅಲ್ಲೇ ಒಂದಷ್ಟು ಒಡೆದುಹಾಕ್ತಿರುತ್ತವೆ. ಪೊರೆ ಕೆಟ್ಟಾಗ ಆ ತಡೆ ಹೋಗಿ, ರಕ್ತದಲ್ಲಿ ಔಷಧಿ ಏರಿ, ಕಿಡ್ನಿಗೇ ಪೆಟ್ಟು. ಅದಕ್ಕೇ ಲೆವೆಲ್ ಟೆಸ್ಟ್ ಮಾಡಿಸೋದು. ಆ ದಿನ ಬೆಳಗಿನ ಮಾತ್ರೆ ಚೀಲದಲ್ಲೇ ಇರಬೇಕು, ರಕ್ತ ಕೊಟ್ಟ ಮೇಲೇ ಬಾಯಿಗೆ.

ಚಕ್ಕೋತ ಹಣ್ಣೂ ಅಷ್ಟೇ. ಚೀನೀ ಹೊಸವರ್ಷಕ್ಕೆ ಇಲ್ಲಿ ಪೊಮೆಲೊ ಅಂತ ರಾಶಿ ಹಾಕ್ತಾರಲ್ಲ, ನಮ್ಮ ದೇವನಹಳ್ಳಿ ಚಕ್ಕೋತದ ನೆಂಟ. ಅದೂ ಆ ಕಿಣ್ವಗಳನ್ನೇ ಕಟ್ಟಿಹಾಕುತ್ತೆ. ಅವರಿಗೆ ಒಂದು ತೊಳೆಯೂ ಕೊಡಬೇಡಿ. ಹಸಿ ಮೀನಂತೂ ದೂರ. 2015ರಲ್ಲಿ ಇಲ್ಲಿ ಹಸಿ ಸಿಹಿನೀರ ಮೀನು ತಿಂದು ಆರೋಗ್ಯವಂತರೇ ಆಸ್ಪತ್ರೆ ಸೇರಿದ್ರು, ಮಳಿಗೆಗಳಲ್ಲಿ ಅದನ್ನ ಹಸಿಯಾಗಿ ಮಾರೋದನ್ನೇ ಸರ್ಕಾರ ನಿಲ್ಲಿಸ್ತು.

ಈ ಊರಲ್ಲಿ ಮೊದಲ ಕಿಡ್ನಿ ಕಸಿ ಆಗಿದ್ದು 1970ರಲ್ಲಿ. ಇಷ್ಟು ವರ್ಷದ ಅನುಭವ ಇರೋ ಡಾಕ್ಟರುಗಳು ಇದಾರೆ, ಮಾತ್ರೆ ಬದಲಿಸೋದೋ, ಪ್ರಮಾಣ ಇಳಿಸೋದೋ ಅವರು ನೋಡ್ಕೋತಾರೆ. ನೀವಾಗಿ ಒಂದೂ ನಿಲ್ಲಿಸಬೇಡಿ, ಭೇದಿ ನಿಲ್ಲಿಸೋ ಮಾತ್ರೆಯನ್ನೂ ಅಂಗಡಿಯಿಂದ ತಂದು ಕೊಡಬೇಡಿ. ಈಗಲೇ ಆಸ್ಪತ್ರೆಯ ಕಸಿ ಕೋಆರ್ಡಿನೇಟರಿಗೆ ಫೋನ್ ಮಾಡಿ ಅಕ್ಕಾ, ಅನ್ನ ನಾನು ಇಡ್ತೀನಿ.